ಪ್ರಯೋಗ ತೋರಿಸಿದ್ದೇನು? ನಿಮ್ಮ ಲೇಖನದ ಕುರಿತು

ಆತ್ಮೀಯರೇ, ನಮಸ್ಕಾರ.

ಅರಿವಿನ ಅಸಾಂಗತ್ಯದ ಸಿದ್ಧಾಂತವನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ನಂಬಿಕೆಗೂ ನಡತೆಗೂ ತಾಳೆಯಾಗದಿದ್ದಾಗ ಮನುಷ್ಯನಿಗೆ ಒಳಗೊಳಗೇ ಕಿರಿಕಿರಿಯಾಗುತ್ತದೆ, ಅದನ್ನು ತಗ್ಗಿಸಿಕೊಳ್ಳಲು ಆತ ತನ್ನ ಅಭಿಪ್ರಾಯವನ್ನೇ ತಿದ್ದಿಕೊಳ್ಳುತ್ತಾನೆ ಎಂಬ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ ಅವರ ವಿಚಾರವನ್ನು ನೀವು ತಿಳಿಯಾದ ಕನ್ನಡದಲ್ಲಿ ಹೇಳಿದ್ದೀರಿ. ಆದರೂ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಕಾರಣ ನಿಮ್ಮ ಈ ವಾಕ್ಯದಲ್ಲಿದೆ: “1959ರ ಪ್ರಯೋಗ ಈ ಪ್ರಾಕ್ಕಲ್ಪನೆಯನ್ನು ಸಾಬೀತುಪಡಿಸಿತು, ಅಂದಿನಿಂದ ಅದು ಸಿದ್ಧಾಂತವಾಯಿತು.” ಇದರ ಎರಡು ಭಾಗಗಳೂ ತಪ್ಪು, ಉಳಿದ ತೊಡಕುಗಳೆಲ್ಲ ಇಲ್ಲಿಂದಲೇ ಹುಟ್ಟಿವೆ.

ಸಿದ್ಧಾಂತ ಮೊದಲೇ ಇತ್ತು. ಫೆಸ್ಟಿಂಜರ್ ಅದನ್ನು 1957ರಲ್ಲಿ ಪುಸ್ತಕವಾಗಿ ಮಂಡಿಸಿದ್ದರು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಹಲವು ವರ್ತನೆಗಳಿಗೆ ಒಂದೇ ಕಾರಣವನ್ನು ಮುಂದಿಡುವುದು ಸಿದ್ಧಾಂತ. ಆ ಕಾರಣ ನಿಜವಾಗಿದ್ದರೆ ಇಂಥ ಸನ್ನಿವೇಶದಲ್ಲಿ ಇಂಥದೇ ಫಲಿತಾಂಶ ಬರಬೇಕು ಎಂದು ಮುಂಚಿತವಾಗಿ ಹೇಳುವ, ಪರೀಕ್ಷಿಸಬಹುದಾದ ಮಾತು ಪ್ರಾಕ್ಕಲ್ಪನೆ. ಪರೀಕ್ಷೆಯಲ್ಲಿ ಗೆದ್ದ ಪ್ರಾಕ್ಕಲ್ಪನೆ ಬಡ್ತಿ ಪಡೆದು ಸಿದ್ಧಾಂತವಾಗುವುದಿಲ್ಲ.

ಸಿದ್ಧಾಂತ ಎಲ್ಲಿಂದ ಹುಟ್ಟಿತು ಎಂಬುದನ್ನು ನೀವು ಹೇಳಿಯೇ ಇಲ್ಲ, ಅದು ನಮ್ಮ ದೇಶಕ್ಕೆ ಸಂಬಂಧಿಸಿದ್ದು. 1934ರ ಜನವರಿಯ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಮನೋವಿಜ್ಞಾನಿ ಜಮುನಾ ಪ್ರಸಾದ್ ಸಂಗ್ರಹಿಸಿದ್ದರು. ಕಂಪನದ ಅನುಭವವಾಗಿಯೂ ಹಾನಿಯಾಗದ ಊರುಗಳಲ್ಲಿ, ಇನ್ನೂ ಘೋರವಾದ ವಿಪತ್ತು ಬರಲಿದೆ ಎಂಬ ಮಾತು ಹರಡಿತ್ತು. ಹೆದರಿದವರು ಮತ್ತಷ್ಟು ಹೆದರಿಸುವ ಸುದ್ದಿಯನ್ನೇಕೆ ನಂಬಬೇಕು? ಭಯ ಮೊದಲೇ ಮನಸ್ಸಿನಲ್ಲಿತ್ತು, ಕಣ್ಣಿಗೆ ಕಾಣುವ ಕಾರಣವಿರಲಿಲ್ಲ, ಆ ಭಯಕ್ಕೆ ತಕ್ಕ ಕಾರಣವನ್ನು ವದಂತಿ ಒದಗಿಸಿತು ಎಂಬುದು ಫೆಸ್ಟಿಂಜರ್ ಅವರ ಉತ್ತರ. ಆದರೆ ಯಾವ ಒಗಟನ್ನು ಬಿಡಿಸಲು ಒಂದು ವಿವರಣೆ ಹುಟ್ಟಿತೋ ಆ ಒಗಟೇ ಅದಕ್ಕೆ ಸಾಕ್ಷಿಯಾಗಲಾರದು. ವಿವರಣೆಯನ್ನು ಅದಕ್ಕೆ ಹೊಂದುವಂತೆಯೇ ಕಟ್ಟಲಾಗಿರುತ್ತದೆ. ಆದ್ದರಿಂದಲೇ ಹೊಸ ಪರೀಕ್ಷೆ ಬೇಕಾಯಿತು.

1959ರ ಆ ಪರೀಕ್ಷೆಯನ್ನು ನೀವು ಅಚ್ಚರಿಯ ಕಥೆಯಾಗಿ ಹೇಳಿದ್ದೀರಿ, ಅದರ ತರ್ಕ ಮಾತ್ರ ಬಿಟ್ಟುಹೋಗಿದೆ. ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಂದ ಅರ್ಧ ಗಂಟೆ ಉರುಳೆಗಳನ್ನು ತಟ್ಟೆಗೆ ತುಂಬಿಸಿ ತೆಗೆಸಿದರು, ಇನ್ನರ್ಧ ಗಂಟೆ 48 ಚೌಕ ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುವಂತೆ ಮಾಡಿದರು. ಬೇಸರ ಹುಟ್ಟಿಸುವುದಕ್ಕೆಂದೇ ರೂಪಿಸಿದ ಕೆಲಸವಿದು. ಬಳಿಕ, ಹೊರಗೆ ಕಾಯುತ್ತಿರುವ ಹುಡುಗಿಗೆ ‘ಬಹಳ ಮಜವಾಗಿತ್ತು’ ಎಂದು ಹೇಳುವಂತೆ ಕೇಳಿಕೊಂಡು, ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಬಹುಮಾನ ಹೆಚ್ಚಿದಷ್ಟೂ ಮನಸ್ಸು ಒಲಿಯುತ್ತದೆ ಎಂದು ನಂಬಿದ್ದವರ ಪ್ರಕಾರ 20 ಡಾಲರ್ ಪಡೆದವರು ಆ ಕೆಲಸವನ್ನು ಹೆಚ್ಚು ಮೆಚ್ಚಬೇಕಿತ್ತು. ಫೆಸ್ಟಿಂಜರ್ ಪ್ರಕಾರ 1 ಡಾಲರ್ ಪಡೆದವರು ಮೆಚ್ಚಬೇಕು, ಏಕೆಂದರೆ ಸುಳ್ಳು ಹೇಳಿದ್ದಕ್ಕೆ ಅವರ ಬಳಿ ಸಾಕಷ್ಟು ಸಮರ್ಥನೆಯಿಲ್ಲ. ಒಂದೇ ಸನ್ನಿವೇಶದಲ್ಲಿ ಎರಡು ವಿವರಣೆಗಳು ವಿರುದ್ಧ ದಿಕ್ಕಿಗೆ ಬೆರಳು ತೋರಿದ್ದವು, ಫೆಸ್ಟಿಂಜರ್ ಸೋಲುವ ಸಾಧ್ಯತೆ ನಿಜವಾಗಿಯೂ ಇತ್ತು. ಪ್ರಯೋಗದ ಬೆಲೆ ಇರುವುದು ಈ ಅಪಾಯದಲ್ಲಿ. ಕೆಲಸ ಎಷ್ಟು ಹಿಡಿಸಿತು ಎಂಬುದರ −5ರಿಂದ +5ರವರೆಗಿನ ಅಳತೆಯಲ್ಲಿ 1 ಡಾಲರ್ ಗುಂಪಿನ ಸರಾಸರಿ +1.35, 20 ಡಾಲರ್ ಗುಂಪಿನದು −0.05, ಯಾವ ಸುಳ್ಳನ್ನೂ ಹೇಳದವರದು −0.45. ಪ್ರತಿ ಗುಂಪಿನಲ್ಲಿ ಲೆಕ್ಕಕ್ಕೆ ಸಿಕ್ಕವರು 20 ಜನ ಮಾತ್ರ, ಎಲ್ಲರೂ ಗಂಡಸರು. ಈ ಮಿತಿಯನ್ನು ಓದುಗರಿಂದ ಮುಚ್ಚಿಡಬೇಡಿ.

ಇದನ್ನು ‘ಸಾಬೀತು’ ಎನ್ನಲಾಗದು. ಅದೇ ಫಲಿತಾಂಶವನ್ನು 1967ರಲ್ಲಿ ಮನೋವಿಜ್ಞಾನಿ ಡೆರಿಲ್ ಬೆಮ್ ಯಾವ ಕಿರಿಕಿರಿಯ ಹಂಗೂ ಇಲ್ಲದೆ ವಿವರಿಸಿದರು: ಇತರರ ನಡತೆ ನೋಡಿ ಅವರ ಮನಸ್ಸನ್ನು ಊಹಿಸುವಂತೆಯೇ ನಾವು ನಮ್ಮ ನಡತೆ ನೋಡಿ ನಮ್ಮ ಅಭಿಪ್ರಾಯವನ್ನು ಊಹಿಸುತ್ತೇವೆ ಎಂಬುದು ಅವರ ವಾದ. ಹಾಗಾದರೆ ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಯಾವುದು? ಕಿರಿಕಿರಿ ನಿಜವಾಗಿಯೂ ಇದೆಯೇ ಎಂಬುದೇ. 1974ರಲ್ಲಿ ಜಾನ್ನಾ ಮತ್ತು ಕೂಪರ್ ಔಷಧಗುಣವಿಲ್ಲದ ಮಾತ್ರೆ ನುಂಗಿಸಿ, ಇದರಿಂದ ನಿಮಗೆ ಉದ್ವೇಗವಾಗಬಹುದು ಎಂದು ಕೆಲವರಿಗೆ ಹೇಳಿ, ಬಳಿಕ ತಮ್ಮ ನಿಲುವಿಗೆ ವಿರುದ್ಧವಾದ ಪ್ರಬಂಧ ಬರೆಯಿಸಿದರು. ಅವರು ತಮ್ಮ ಕಿರಿಕಿರಿಯನ್ನು ಮಾತ್ರೆಯ ತಲೆಗೆ ಕಟ್ಟಿದರು, ಅಭಿಪ್ರಾಯ ಬದಲಿಸಿಕೊಳ್ಳಲಿಲ್ಲ. ಇಂಥ ಹೆಜ್ಜೆಗಳಿಂದಲೇ ಸಿದ್ಧಾಂತ ಗಟ್ಟಿಯಾಗುವುದು. ನಿಮ್ಮ ಲೇಖನ 1959ಕ್ಕೇ ನಿಂತುಬಿಟ್ಟಿದೆ.

2024ರಲ್ಲಿ ಪ್ರಕಟವಾದ ಮರುಪರೀಕ್ಷೆಯೂ ನಿಮ್ಮಲ್ಲಿಲ್ಲ. 39 ಪ್ರಯೋಗಾಲಯಗಳು ಸುಮಾರು 4,900 ಜನರಿಂದ ಪ್ರಬಂಧ ಬರೆಯಿಸಿ, ಸ್ವಂತ ಆಯ್ಕೆಯಿಂದ ತಮ್ಮ ನಿಲುವಿಗೆ ವಿರುದ್ಧವಾಗಿ ಬರೆದವರು ಹೆಚ್ಚು ಬದಲಾಗುತ್ತಾರೆಯೇ ಎಂದು ನೋಡಿದವು. ಆಯ್ಕೆಯಿದ್ದವರಿಗೂ ಇಲ್ಲದವರಿಗೂ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಆದರೆ ವಿರುದ್ಧ ನಿಲುವನ್ನು ಬರೆದವರು ಸಂಬಂಧವಿಲ್ಲದ ವಿಷಯದ ಮೇಲೆ ಬರೆದವರಿಗಿಂತ ಹೆಚ್ಚು ಬದಲಾಗಿದ್ದರು. ಸಿದ್ಧಾಂತ ಬಿದ್ದುಹೋಯಿತು ಎಂದು ಇದರಿಂದ ಬರೆಯಲಾಗದು, ಏನೂ ಆಗಿಲ್ಲವೆಂದೂ ಬರೆಯಲಾಗದು. ಪ್ರಾಕ್ಕಲ್ಪನೆ ಸೋತಾಗ ತಪ್ಪು ಸಿದ್ಧಾಂತದಲ್ಲಿದೆಯೋ, ಸನ್ನಿವೇಶ ಕಟ್ಟಿದ ಬಗೆಯಲ್ಲಿದೆಯೋ ಎಂದು ಹುಡುಕುವುದು ಮನೋವಿಜ್ಞಾನದಲ್ಲಿ ಅತ್ಯಂತ ಕಷ್ಟದ ಕೆಲಸ, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ.

ಕೊನೆಯದಾಗಿ ನಿಮ್ಮ ಸ್ಕೂಟರಿನ ಉದಾಹರಣೆ. ದುಬಾರಿ ಸ್ಕೂಟರ್ ಕೊಂಡವರು ಅದನ್ನು ಹೊಗಳಿದರೆ ಅಸಾಂಗತ್ಯ ತಗ್ಗಿಸಿಕೊಂಡರು, ತೆಗಳಿದರೆ ಅಸಾಂಗತ್ಯದಿಂದ ಬಳಲುತ್ತಿದ್ದಾರೆ ಎಂದು ಬರೆದಿದ್ದೀರಿ. ಹೀಗಾದರೆ ಅವರು ಏನು ಹೇಳಿದರೂ ಸಿದ್ಧಾಂತವೇ ಗೆಲ್ಲುತ್ತದೆ. ಆ ಪ್ಯಾರಾ ಬಿಟ್ಟುಬಿಡಿ, ಇಲ್ಲವೇ ಯಾವ ಉತ್ತರ ಬಂದರೆ ನಿಮ್ಮ ವಿವರಣೆ ತಪ್ಪೆಂದು ಒಪ್ಪುತ್ತೀರಿ ಎಂಬುದನ್ನು ಅಲ್ಲೇ ಬರೆಯಿರಿ. ಆರಂಭವನ್ನು ಬಿಹಾರದಿಂದ ತೆಗೆದುಕೊಳ್ಳಿ, 1 ಮತ್ತು 20 ಡಾಲರಿನ ಎದುರಾಳಿ ನಿರೀಕ್ಷೆಗಳನ್ನು ಫಲಿತಾಂಶಕ್ಕೆ ಮೊದಲೇ ಹೇಳಿ, ಬೆಮ್ ಅವರಿಗೆ ಒಂದು ಪುಟವಾದರೂ ಕೊಡಿ. ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ