ಮೇಲೆ ಕೂತವರನ್ನು ಉರುಳಿಸುವುದು ಹೇಗೆ?

ಪ್ರಶ್ನೆ: ಜಿಜುತ್ಸು (ಎದುರಾಳಿಯನ್ನು ನೆಲಕ್ಕೆ ಕೆಡವಿ ಪಟ್ಟು ಹಾಕುವ ಕುಸ್ತಿಯಂಥ ಕಲೆ) ಕಲಿಯಲು ಸೇರಿ ಎರಡು ತಿಂಗಳಾಯಿತು. ಎದುರಾಳಿ ಎದೆಯ ಮೇಲೆ ಕೂತರೆ ಎಷ್ಟು ಒದ್ದಾಡಿದರೂ ಬಿಡಿಸಿಕೊಳ್ಳಲಾಗುತ್ತಿಲ್ಲ. ಈ ಮಳೆಯಲ್ಲಿ ಗಿ (ಅಭ್ಯಾಸಕ್ಕೆ ತೊಡುವ ದಪ್ಪ ಹತ್ತಿಯ ಉಡುಪು) ಒಣಗುವುದೂ ಇಲ್ಲ. ಏನು ಮಾಡಲಿ?
– ಓದುಗ, ತೀರ್ಥಹಳ್ಳಿ

ಉತ್ತರ: ಒದ್ದಾಟವೇ ತೊಂದರೆ. ಎದುರಾಳಿಯ ಎದೆ ತಳ್ಳಲು ಕೈ ಚಾಚಿದಿರೋ, ಆರ್ಮ್‌ಬಾರ್‌ಗೆ (ಮೊಣಕೈಯನ್ನು ಉಲ್ಟಾ ಬಗ್ಗಿಸುವ ಪಟ್ಟಿಗೆ) ನೀವೇ ಕೈ ಕೊಟ್ಟಂತೆ. ಮೊದಲು ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಳ್ಳಿ. ಅವರ ಬಲಗೈ ನಿಮ್ಮ ಕಾಲರ್‌ಗೆ ಬಂದಾಗ ಅದನ್ನು ಎರಡೂ ಕೈಯಿಂದ ಎದೆಗೆ ಬಿಗಿಹಿಡಿಯಿರಿ. ನಿಮ್ಮ ಎಡಪಾದವನ್ನು ಅವರ ಬಲಪಾದದ ಹೊರಗಿಟ್ಟು ಒಳಕ್ಕೆ ಒತ್ತಿ. ಹಿಮ್ಮಡಿಗಳು ಪೃಷ್ಠದ ಹತ್ತಿರವೇ ಇರಲಿ. ಈಗ ಸೊಂಟ ಎತ್ತಿ, ಎಡ ಹೆಗಲ ಮೇಲಿಂದ ಓರೆಯಾಗಿ ಉರುಳಿ. ಹೊಸಬರು ನೇರ ಮೇಲಕ್ಕೆತ್ತಿ ಧೊಪ್ಪನೆ ಬೀಳುತ್ತಾರೆ. ಇಲ್ಲವೇ ಪಾದ ಒತ್ತಿ ತಡೆಯುವುದನ್ನು ಮರೆಯುತ್ತಾರೆ. ಆಗ ಎದುರಾಳಿ ಆ ಕಾಲನ್ನೇ ಊರಿ ನಿಲ್ಲುತ್ತಾರೆ. ಉರುಳಿದ ಮೇಲೆ ನೀವಿರುವುದು ಅವರ ಕಾಲುಗಳ ನಡುವೆ, ಬೆನ್ನು ನೆಟ್ಟಗಿರಲಿ.

ಗಿ ಎರಡು ಜೊತೆ ಬೇಕೇ ಬೇಕು. ಅಂದಂದೇ ಒಗೆದು, ಚೆನ್ನಾಗಿ ಹಿಂಡಿ, ಬಚ್ಚಲೊಲೆಯಿಂದ ತುಸು ದೂರ ಹರವಿ. ಹತ್ತಿರದ ಕಾವಿಗೆ ಹತ್ತಿಬಟ್ಟೆ ಕುಗ್ಗುತ್ತದೆ. ಹಸಿ ಗಿ ತೊಟ್ಟರೆ ಹುಳುಕಡ್ಡಿ ಗ್ಯಾರಂಟಿ ಅನ್ನಿ. ಮೈಮೇಲೆ ಉಂಗುರದಂಥ ಕೆಂಪು ಕಲೆ ಕಂಡರೆ ವೈದ್ಯರಿಗೆ ತೋರಿಸಿ, ವಾಸಿಯಾಗುವವರೆಗೆ ಮ್ಯಾಟ್ ಹತ್ತಬೇಡಿ.