ಅಮೆರಿಕದಲ್ಲಿ ‘ಸ್ಟಾಕ್ ಕಾರ್’ ರೇಸ್‌ಗಳನ್ನು ನಡೆಸುವ ಸಂಸ್ಥೆ ನಾಸ್ಕಾರ್. ಅದರ ಅತ್ಯುನ್ನತ ಸರಣಿಯಲ್ಲಿ ಒಂದೂ ರೇಸ್ ಗೆಲ್ಲದಿದ್ದರೂ, ನಾಸ್ಕಾರ್ ಇತಿಹಾಸದಲ್ಲಿ ಚಾಲಕ ಬ್ಯಾಂಜೋ ಮ್ಯಾಥ್ಯೂಸ್ ಅವರಿಗೆ ಏಕೆ ಅಷ್ಟು ಮಹತ್ವ?

ಅವರ ನಿಜವಾದ ಸಾಧನೆ ನಡೆದದ್ದು ಟ್ರ್ಯಾಕಿನ ಮೇಲಲ್ಲ, ಗ್ಯಾರೇಜಿನಲ್ಲಿ. 1932ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಹುಟ್ಟಿದ ಎಡ್ವಿನ್ ಮ್ಯಾಥ್ಯೂಸ್ ಅವರಿಗೆ ‘ಬ್ಯಾಂಜೋ’ ಎಂಬ ಅಡ್ಡಹೆಸರು ಬಂದದ್ದು ಅವರು ಹಾಕುತ್ತಿದ್ದ ದಪ್ಪ ಗಾಜಿನ ಕನ್ನಡಕದಿಂದ. ಮಾಡಿಫೈಡ್ ಕಾರುಗಳ (ರೇಸ್‌ಗಾಗಿ ಹೆಚ್ಚು ಮಾರ್ಪಡಿಸಿದ ಕಾರುಗಳ) ರೇಸ್‌ಗಳಲ್ಲಿ ಅವರು ಹೆಸರಾಂತ ಚಾಲಕರಾಗಿದ್ದರು. ಆದರೆ ನಾಸ್ಕಾರ್‌ನ ಅತ್ಯುನ್ನತ ಸರಣಿಯಲ್ಲಿ ಸುಮಾರು ಐವತ್ತು ಬಾರಿ ಸ್ಪರ್ಧಿಸಿದರೂ ಗೆಲುವು ಕೈಗೆ ಸಿಗಲಿಲ್ಲ. ಬಳಿಕ ತಂಡದ ಮಾಲೀಕರಾದರು. 1970ರಲ್ಲಿ ಡಾನಿ ಆಲಿಸನ್ ಷಾರ್ಲೆಟ್‌ನ 600 ಮೈಲಿಯ ರೇಸ್ ಗೆದ್ದದ್ದು ಮ್ಯಾಥ್ಯೂಸರ ಫೋರ್ಡ್ ಕಾರಿನಲ್ಲೇ.

ನಂತರ ಅವರು ಉತ್ತರ ಕೆರೊಲಿನಾದ ಆಶ್‌ವಿಲ್ ಬಳಿಯ ಆರ್ಡನ್‌ನಲ್ಲಿ ತಮ್ಮ ಗ್ಯಾರೇಜಿನಿಂದ ಇತರ ತಂಡಗಳಿಗೂ ರೇಸ್ ಕಾರುಗಳನ್ನು ಕಟ್ಟಿಕೊಡತೊಡಗಿದರು. ಸ್ಟಾಕ್ ಕಾರ್ ಎಂದರೆ ಹೆಸರಿಗೆ ಮಾತ್ರ ಷೋರೂಮಿನ ಕಾರು. ಹೊರಮೈ ಅದರಂತೆ ಕಂಡರೂ, ವೇಗದಲ್ಲಿ ಕಾರು ಟ್ರ್ಯಾಕಿಗೆ ಅಂಟಿಕೊಂಡು ತಿರುಗುವುದೂ, ಗೋಡೆಗೆ ಬಡಿದಾಗ ಚಾಲಕ ಬದುಕುಳಿಯುವುದೂ ಒಳಗಿನ ಉಕ್ಕಿನ ಕೊಳವೆಗಳ ಚಾಸಿಯನ್ನು (ಕಾರಿನ ಚೌಕಟ್ಟನ್ನು) ಎಷ್ಟು ನಿಖರವಾಗಿ ಅಳೆದು ಬೆಸುಗೆ ಹಾಕಲಾಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತವೆ. ಸ್ವತಃ ಸ್ಟಿಯರಿಂಗ್ ಹಿಡಿದವರಿಗೆ, ಚಾಲಕನ ದೂರು ಚಾಸಿಯ ಯಾವ ಭಾಗದಿಂದ ಹುಟ್ಟಿದೆ ಎಂಬುದು ಬೇಗ ಹೊಳೆಯುತ್ತದೆ. ಮ್ಯಾಥ್ಯೂಸರ ದೊಡ್ಡ ಬಂಡವಾಳ ಅದೇ ಎಂದು ನಾನು ನಂಬುತ್ತೇನೆ.

1974ರಿಂದ 1985ರವರೆಗೆ ನಾಸ್ಕಾರ್‌ನ ಅತ್ಯುನ್ನತ ಸರಣಿಯಲ್ಲಿ ನಡೆದ ಸುಮಾರು 360 ರೇಸ್‌ಗಳಲ್ಲಿ 260ಕ್ಕೂ ಹೆಚ್ಚನ್ನು ಗೆದ್ದದ್ದು ಅವರು ಕಟ್ಟಿದ ಕಾರುಗಳು. 1978ರಲ್ಲಂತೂ ಮೂವತ್ತಕ್ಕೆ ಮೂವತ್ತೂ! ಅವರು 1996ರಲ್ಲಿ ನಿಧನರಾದರು.