15 ವರ್ಷ ನಿಂತ ಎಂಜಿಬಿ: ಬ್ರೇಕ್ ಮೊದಲು, ಪೇಂಟ್ ಕಟ್ಟಕಡೆಗೆ

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನ ಮನೆಯ ಶೆಡ್ಡಿನಲ್ಲಿ 1965ರ ಎಂಜಿಬಿ (ಬ್ರಿಟನ್ನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು) 15 ವರ್ಷದಿಂದ ನಿಂತಿದೆ, ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ ನೋಡಲೇ, ಮೊದಲು ಪೇಂಟ್ ಹೊಡೆಸಲೇ, ಇದನ್ನು ಬಲ್ಲ ಮೆಕ್ಯಾನಿಕ್ ಇಲ್ಲಿ ಸಿಗುತ್ತಾರಾ?

ಮೊದಲೆರಡೂ ಬೇಡ. ಮೂರನೆಯದಕ್ಕೆ ಉತ್ತರ: ಅಂಬಾಸಿಡರ್ ಬಿಚ್ಚಿ ಕಟ್ಟಿ ಪಳಗಿದ ಹಳೇ ಮೇಸ್ತ್ರಿಯನ್ನು ಹುಡುಕಿ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಬಳ್ಳಿಯ ಕಾಯಿಗಳೇ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಕೂಡ ಒಂದೇ, 88.9 ಮಿ.ಮೀ. ಬೋರ್ (ಸಿಲಿಂಡರಿನ ಅಗಲ) ಬೇರೆ, ಹಾಗಾಗಿ ಅಂಬಾಸಿಡರಿನ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಕೂರುವುದಿಲ್ಲ. ಪಾರ್ಟ್ ನಂಬರ್ ನೋಡಿ ಇಂಗ್ಲೆಂಡಿನಿಂದ ತರಿಸಬೇಕು, ಕಸ್ಟಮ್ಸ್ ಸುಂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಮೇಸ್ತ್ರಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಕಂಪನಿಯಿಂದ ಬಂದಾಗ ಈ ಗಾಡಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ. ನಡುವೆ ಯಾರಾದರೂ ಬದಲಿಸಿದ್ದಾರೋ ನೋಡಿಯೇ ವೈರ್ ಮುಟ್ಟಿ.

ಎಂಜಿನ್ ಹೀಗೆ ಎಬ್ಬಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ಹಿಂದೆಮುಂದೆ ತಳ್ಳಿ; ತಿರುಗದಿದ್ದರೆ ಮತ್ತೆ ನೆನೆಸಿ, ಸ್ಟಾರ್ಟರ್ ಹಚ್ಚಬೇಡಿ. ತಿರುಗಿತೋ, ಫಿಲ್ಟರ್ ಬದಲಿಸಿ 20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿ. ಫಿಲ್ಟರ್ ಸೇರಿ ಸುಮಾರು ನಾಲ್ಕೂಕಾಲು ಲೀಟರ್. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ. ಎಣ್ಣೆ ಒತ್ತಡದ ಗೇಜಿನ ಮುಳ್ಳು ಏಳದಿದ್ದರೆ ನಿಲ್ಲಿಸಿ, ಆಯಿಲ್ ಪಂಪ್ ಒಣಗಿದೆ ಎಂದರ್ಥ. ಎಣ್ಣೆ ಪೈಪ್ ಬಿಚ್ಚಿ ಪಂಪಿನ ಕಡೆಗೆ ಎಣ್ಣೆ ತುಂಬಿಸಬೇಕು.

ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) 15 ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 15. ಒಂಬತ್ತರ ಲೆಕ್ಕ ನೆನಪಿಡಿ: 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದರ ಗ್ಯಾಪ್ ಹೊಂದಿಸಿ, 3 ತೆರೆದಾಗ 6ರದು; ಎರಡೂ ಕೂಡಿದರೆ ಒಂಬತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 15 ಥೌ, ಪ್ಲಗ್ 25. ನಮ್ಮಲ್ಲಿ ಸೀಸದ ಪೆಟ್ರೋಲ್ 2000ರಲ್ಲೇ ನಿಂತಿತು, ಸೀಸವೇ ಕಾಯುತ್ತಿದ್ದ ಈ ಹೆಡ್ಡಿನ ವಾಲ್ವ್ ಸೀಟು ಮೆತ್ತಗಿನದು. ಎಗ್ಜಾಸ್ಟ್ ಟ್ಯಾಪೆಟ್ ಗ್ಯಾಪ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಸೀಟು ಸವೆದು ವಾಲ್ವ್ ಒಳಗೆ ಇಳಿಯುತ್ತಿದೆ. ಆಗ ಹೆಡ್ ಇಳಿಸಿ ಗಟ್ಟಿ ಸೀಟು ಕೂರಿಸುವುದೇ ದಾರಿ.

ಹೆಚ್ಚು ಕಾಟ ಕೊಡುವುದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಕಬ್ಬಿನ ಸೀಮೆಯವರು ಅದನ್ನು ಬೈಯುವಂತಿಲ್ಲ, ಆದರೆ ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಮ್ ಅದಕ್ಕೆ ತಾಳುವುದಿಲ್ಲ. ಎಸ್‌ಎಇ ಜೆ30 ಆರ್9 ಗುರುತಿನ ಹೋಸೇ ಹಾಕಿಸಿ. ಟ್ಯಾಂಕ್ ಇಳಿಸಿ ಮೇಲ್ಮೈ ನೋಡಿ: ಬೂಟ್ ನೆಲಕ್ಕೂ ಟ್ಯಾಂಕಿಗೂ ನಡುವೆ ನೀರು ನಿಂತು ತುಕ್ಕು ಮೇಲಿನಿಂದಲೇ ತಿನ್ನುತ್ತದೆ. ಇಗ್ನಿಷನ್ ಹಾಕಿದಾಗ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಟಿಕ್ ಟಿಕ್ ಎನ್ನದಿದ್ದರೆ ಪಾಯಿಂಟ್ ಕಚ್ಚಿದೆ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ.

ಎರಡೂ ಎಸ್‌ಯು ಕಾರ್ಬ್ಯುರೇಟರಿನ ಜೆಟ್ಟನ್ನು (ಪೆಟ್ರೋಲ್ ಬರುವ ಕೊಳವೆ) ಬ್ರಿಡ್ಜಿಗೆ (ಗಾಳಿದಾರಿಯ ತಳದ ಉಬ್ಬು) ಸಮ ತಂದು, ಅಲ್ಲಿಂದ ಆರು ಮುಖದ ನಟ್ಟನ್ನು 12 ಮುಖ, ಅಂದರೆ ಎರಡು ಸುತ್ತು, ಕೆಳಗಿಳಿಸಿ ಶುರುಮಾಡಿ. ಎಂಜಿನ್ ಬಿಸಿಯಾದ ಮೇಲೆ ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಪಿನ್ನಿನಿಂದ ಅರೆ ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಸಾಯಹೊರಟರೆ ಕಡಿಮೆ. ಕ್ಷಣ ಏರಿ ಇಳಿದರೆ ಸರಿ. ಎಥನಾಲಿಗೆ ಒಂದೆರಡು ಮುಖ ಹೆಚ್ಚು ಇಳಿಸಬೇಕಾಗುತ್ತದೆ. ಕಾರ್ಬ್ಯುರೇಟರಿನ ಮೇಲಿನ ಡ್ಯಾಂಪರಿಗೆ ಎಸ್‌ಎಇ 20ರ ತೆಳು ಎಣ್ಣೆ ಮರೆಯಬೇಡಿ, ಅದಿಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ.

ಗಾಡಿ ಗೇಟು ದಾಟುವ ಮೊದಲು ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಸೀಲು, ಕ್ಯಾಲಿಪರ್, ರಬ್ಬರ್ ಹೋಸು ಎಲ್ಲ ಹೊಸದು. ಹೊರಗೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿ, ಒತ್ತಿದ ಬ್ರೇಕನ್ನು ಬಿಡುವುದೇ ಇಲ್ಲ. ಇದರಲ್ಲಿ ಉಳಿತಾಯ ನೋಡಬೇಡಿ.

ಬಾಡಿ ವಿಷಯಕ್ಕೆ ಬಂದರೆ, ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಗಿಲಿನ ಕೆಳಗಿನ ಸಿಲ್ಲೇ ಗಾಡಿಯ ಬೆನ್ನುಮೂಳೆ. ಅದು ತೂತಾಗಿದ್ದರೆ ಮೇಲೊಂದು ತಗಡು ಬೆಸೆದು ಪುಟ್ಟಿ ಮೆತ್ತುವ ಟಿಂಕರಿಂಗ್ ಅಂಗಡಿಗೆ ಹೋಗಲೇಬೇಡಿ. ಹೊರ ಸಿಲ್, ಒಳ ಸಿಲ್, ಕೆಳಗಿನ ಪಟ್ಟಿ ಮೂರನ್ನೂ ನೋಡಬೇಕು. ಕತ್ತರಿಸುವ ಮುಂಚೆ ಬಾಗಿಲಿನ ಕಿಂಡಿಗೆ ಅಡ್ಡ ಪೈಪು ಬೆಸೆದು, ಒಂದು ಬದಿ ಮುಗಿದ ಮೇಲೇ ಇನ್ನೊಂದು. ಇಲ್ಲವಾದರೆ ಗಾಡಿ ನಡುವೆ ಬಾಗಿ ಬಾಗಿಲು ಮತ್ತೆ ಮುಚ್ಚುವುದಿಲ್ಲ. ಪೇಂಟ್ ಎಲ್ಲಾ ಆದ ಮೇಲೆ.

ಯಾರಾದರೂ "ಡೀಸೆಲ್ ಎಂಜಿನ್ ಹಾಕಿಬಿಡಿ ಸಾರ್" ಎಂದರೆ ಕಿವಿಗೊಡಬೇಡಿ. 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ವಿಂಟೇಜ್ ಗಾಡಿಗೆ ಕೊಡುವ ಆ ವಿಎ ನಂಬರಿನಲ್ಲಿ ರ್‍ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಕ್ಕಷ್ಟೇ ಓಡಿಸಬಹುದು. ಹಳೇ ಆರ್‌ಸಿ ಜೀವಂತವಿದ್ದರೆ ಅದನ್ನೇ ಉಳಿಸಿಕೊಳ್ಳಲು ನೋಡಿ.

ಓಡಿಸಲು ಬೆಳಗಿನ ಹೊತ್ತೇ ಲೇಸು. ಸೋಮನಾಥಪುರದ ಕಡೆಗೋ ಕೆಆರ್‌ಎಸ್ ಕಡೆಗೋ ಹೋಗಿ ಬಿಸಿಲೇರುವ ಮುಂಚೆ ವಾಪಸ್. ರೇಡಿಯೇಟರ್ ಪರೀಕ್ಷೆಗೆ ಚಾಮುಂಡಿ ಬೆಟ್ಟ ಹತ್ತಿಸಿ, ಇಳಿಯುವಾಗ ಎರಡನೇ ಗೇರು. ಕಬ್ಬು ಅರೆಯುವ ಕಾಲದಲ್ಲಿ ಸಂಜೆಯಾದ ಮೇಲೆ ಮಂಡ್ಯದ ಹಳ್ಳಿ ರಸ್ತೆ ಬೇಡ: ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದೆ ದೀಪವಿರುವುದು ಅಪರೂಪ, ನಿಮ್ಮ ಮಂಕು ಲೂಕಾಸ್ ಹೆಡ್‌ಲೈಟಿಗೆ ಅದು ಕಾಣುವಷ್ಟರಲ್ಲಿ ನೀವು ಅದರ ಕೆಳಗಿರುತ್ತೀರಿ.